ನೀರು ಇಳಿಯುವ ಹೊತ್ತು: ಹತ್ತನೇ ತರಗತಿಯ ಒಬ್ಬ ಹುಡುಗಿಯ ಹಾಜರಿ ಪ್ರಕರಣ

ನಮ್ಮ ತರಗತಿಯ ಹುಡುಗರು ಅವಳಿಗೆ 'ಹತ್ತೂವರೆ' ಅಂತ ಹೆಸರಿಟ್ಟಿದ್ದರು. "ಹತ್ತೂವರೆ ಬಂತು ನೋಡ್ರೋ" ಎಂದು ಹಿಂದಿನ ಬೆಂಚಿನಿಂದ ಒಂದು ದನಿ, ಅದರ ಹಿಂದೆ ಇಡೀ ತರಗತಿಯ ನಗು. ಅವಳು ಬಾಗಿಲಲ್ಲಿ ನಿಂತು ಬ್ಯಾಗಿನ ಪಟ್ಟಿ ತಿರುಚುತ್ತಿದ್ದಳು. ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ಹತ್ತೂವರೆಯೇ ಆಗಿರುತ್ತಿತ್ತು.

ನಾನು ಕುಮಟಾ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶಾಲೆ ಇರುವುದು ಅಘನಾಶಿನಿ ದಡದ ಕಡೆ. ಊರಿನ ಹೆಸರು, ಮನೆಯ ಗುರುತು ಬರೆಯುವುದಿಲ್ಲ. ಬರೆಯಲಾ ಅಂತ ಹುಡುಗಿಯನ್ನೂ ಅವಳ ಅಮ್ಮನನ್ನೂ ಕೇಳಿದ್ದೆ. "ಬರೀರಿ, ಹೆಸ್ರು ಬ್ಯಾಡ" ಎಂದರು. ಹಾಗಾಗಿ ಇಲ್ಲಿ ಅವಳು ಬರೀ 'ಹುಡುಗಿ'.

ಇದು 2025-26ರ ಸಾಲಿನ ಕತೆ. ಅವಳು ಎಸ್ಸೆಸ್ಸೆಲ್ಸಿ. ನಾನು ಅವಳ ಕ್ಲಾಸ್ ಟೀಚರ್ ಕೂಡ. ನಮ್ಮಲ್ಲಿ ಪ್ರಾರ್ಥನೆ 9:45ಕ್ಕೆ, ಮೊದಲ ಪಿರಿಯಡ್ 10ಕ್ಕೆ. ಹಾಜರಿ ಕರೆಯಬೇಕಲ್ಲ, ಅದಕ್ಕೇ ಮೊದಲ ಪಿರಿಯಡ್ ಯಾವಾಗಲೂ ನನ್ನದು, ಅಂದರೆ ಗಣಿತ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಿಜಿಸ್ಟರ್ ಹೇಳಿದ್ದು, ಹೇಳದೆ ಬಿಟ್ಟಿದ್ದು

ಹಾಜರಿ ಪುಸ್ತಕದಲ್ಲಿ ಎರಡೇ ಗುರುತು. ಬಂದರೆ ಒಂದು, ಬರದಿದ್ದರೆ ಇನ್ನೊಂದು. ತಡವಾಗಿ ಬಂದವರಿಗೆ ಅಂತ ಬೇರೆ ಕಾಲಮ್ಮಿಲ್ಲ. ಮಗು 10:30ಕ್ಕೆ ಬಂದರೂ ಪಾಪ ಅಂತ ಹಾಜರಿ ಹಾಕುತ್ತೇವೆ. ಕಂಪ್ಯೂಟರಿಗೆ ಹೋಗುವುದೂ ಅದೇ. ಅಲ್ಲಿಗೆ ಆ ಅರ್ಧ ಗಂಟೆ ಲೆಕ್ಕದಿಂದಲೇ ಮಾಯ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಈ 75 ಅನ್ನೋದು ಎಷ್ಟು ಸಡಿಲ ಎಂದು ನಾವು ಯೋಚಿಸುವುದು ಕಡಿಮೆ. ನಾಲ್ಕು ದಿನಕ್ಕೊಂದು ದಿನ ತಪ್ಪಿಸಿದರೂ ಮಗು ಪಾಸು. ಈ ಹುಡುಗಿ ಡಿಸೆಂಬರ್‌ನಲ್ಲಿ 26 ಕೆಲಸದ ದಿನಗಳಲ್ಲಿ 5 ದಿನ ಬರಲಿಲ್ಲ. ಅವಳ ಅತಿ ಕೆಟ್ಟ ತಿಂಗಳು ಅದು. ಆದರೂ ಶೇಕಡಾ 80 ದಾಟಿತ್ತು. ಜೂನ್‌ನಿಂದ ಲೆಕ್ಕ ಹಾಕಿದರೆ 90ಕ್ಕಿಂತ ಜಾಸ್ತಿ. ಹಾಜರಾತಿ ಕಡಿಮೆ ಇರುವವರ ಪಟ್ಟಿ ಮಾಡಿ ಪಾಲಕರನ್ನು ಕರೆಸುತ್ತೇವಲ್ಲ, ಆ ಪಟ್ಟಿಯಲ್ಲಿ ಅವಳ ಹೆಸರು ಒಮ್ಮೆಯೂ ಬರಲಿಲ್ಲ.

ಅವಳ ವಿಷಯ ನನ್ನ ತಲೆಗೆ ಹೊಕ್ಕಿದ್ದು ಬೇರೆ ದಾರಿಯಿಂದ. ನವೆಂಬರ್‌ನಲ್ಲಿ ತ್ರಿಕೋನಮಿತಿ ಶುರು ಮಾಡಿದ್ದೆ. ಸೈನ್, ಕಾಸ್ ಎಂದರೇನು ಎಂದು ಹೇಳಿದ ದಿನ ಅವಳು ಬಂದಾಗ ಪಿರಿಯಡ್ಡಿನಲ್ಲಿ ಹತ್ತು ನಿಮಿಷ ಉಳಿದಿತ್ತು. ಮುಂದಿನ ಕಿರುಪರೀಕ್ಷೆಯಲ್ಲಿ ಅವಳು ಉದಾಹರಣೆ ಲೆಕ್ಕಗಳನ್ನು ಬಾಯಿಪಾಠ ಮಾಡಿ ಬರೆದಿದ್ದಳು. ಕೋನ ಬದಲಿಸಿದ ಕೂಡಲೇ ಎಲ್ಲಾ ತಪ್ಪು. ಸೆಪ್ಟೆಂಬರ್‌ವರೆಗೆ ಗಣಿತದಲ್ಲಿ ಮೊದಲ ಐವರಲ್ಲಿದ್ದ ಹುಡುಗಿ. ದಡ್ಡತನ ಇದ್ದಕ್ಕಿದ್ದಂತೆ ಅಕ್ಟೋಬರ್ ಕಳೆದು ಬರುವುದಿಲ್ಲ, ಅಲ್ವಾ?

ನಾನು ಒಂದು ಹಳೆ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ತಡವಾಗಿ ಬಂದವರ ಹೆಸರು, ಹೊತ್ತು ಅದರಲ್ಲಿ ಗೀಚುತ್ತೇನೆ. ಯಾರೂ ಕೇಳುವುದಿಲ್ಲ, ಸುಮ್ನೆ ಅಭ್ಯಾಸ. ಅದನ್ನು ತೆಗೆದು ನೋಡಿದೆ. ವಿಚಿತ್ರ ಅನ್ನಿಸಿದ್ದು ಅಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ಶಾಲೆ ತಡವಾಗಿ ಬರುವ ಕಾಲ. ಮಳೆ, ತುಂಬಿದ ಹಳ್ಳ, ಬಾರದ ಬಸ್ಸು. ಕುಮಟಾದಿಂದ ಬರುವ ನಾನೇ ಜುಲೈನಲ್ಲಿ ಐದು ಸಲ ಪ್ರಾರ್ಥನೆ ಮುಗಿದ ಮೇಲೆ ಬಂದಿದ್ದೆ. (ನನ್ನ ಹೆಸರನ್ನು ಯಾರೂ ಗೀಚಿಕೊಳ್ಳಲಿಲ್ಲ, ಅದು ಬೇರೆ ಮಾತು.) ಆ ನಾಲ್ಕು ತಿಂಗಳಲ್ಲಿ ಈ ಹುಡುಗಿಯ ಹೆಸರು ಒಂದೇ ಒಂದು ಸಲ ಇತ್ತು. ಎಲ್ಲರೂ ತಡವಾದಾಗ ಅವಳು ಸರಿಯಾದ ಹೊತ್ತಿಗೆ. ಮಳೆ ನಿಂತು ಉಳಿದವರೆಲ್ಲ ದಾರಿಗೆ ಬಂದ ಮೇಲೆ ಅವಳು ತಡ.

ತಾರೀಖುಗಳು ಹೀಗಿದ್ದವು. ನವೆಂಬರ್ 7 ತಡ. 22 ಗೈರು. 24, 25 ತಡ. ನಡುವೆ ಹದಿನೈದು ದಿನ ಏನೂ ಇಲ್ಲ, ಬೆಲ್ಲಿಗೆ ಮೊದಲೇ ಬಂದು ಕೂತಿರುತ್ತಿದ್ದಳು. ಸಂತೆ ದಿನ ಇರಬಹುದಾ ಎಂದು ನೋಡಿದೆ. ಶುಕ್ರವಾರ, ಶನಿವಾರ, ಸೋಮವಾರ, ಮಂಗಳವಾರ. ವಾರಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಕೇಳಿದರೆ "ಮನೇಲಿ ಕೆಲ್ಸ ಇತ್ತು ಅಕ್ಕೋರೆ" ಅಷ್ಟೇ. ಇನ್ನೂ ಕೆದಕಿದರೆ ತಲೆ ತಗ್ಗಿಸುತ್ತಿದ್ದಳು.

ಗೇಟು ಹಾಕಿದ ತಿಂಗಳು

ಡಿಸೆಂಬರ್ ಒಂದರಿಂದ ಶಾಲೆಯಲ್ಲಿ ಹೊಸ ಕ್ರಮ ಬಂತು. ಪರೀಕ್ಷೆ ಹತ್ತಿರ ಬರುತ್ತಿದೆ, ಶಿಸ್ತು ಬೇಕು ಎಂದು ಸಭೆಯಲ್ಲಿ ಮಾತಾಯಿತು. 9:50ಕ್ಕೆ ಗೇಟು ಬಂದ್. ತಡವಾದವರು ಮೊದಲ ಪಿರಿಯಡ್ ಮುಗಿಯುವವರೆಗೆ ಹೊರಗೆ ನಿಲ್ಲಬೇಕು, ಆಮೇಲೆ ಅಂಗಳದ ಕಸ ಹೆಕ್ಕಿ ಒಳಗೆ ಬರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿಗೆ ಬೆಳಿಗ್ಗೆ 9ಕ್ಕೆ ವಿಶೇಷ ತರಗತಿ. ಸಭೆಯಲ್ಲಿ ನಾನೂ ಕೈ ಎತ್ತಿದ್ದೆ. ಈಗ ಅಲ್ಲಗಳೆದು ಪ್ರಯೋಜನವಿಲ್ಲ.

ಗೇಟು ಕೆಲಸ ಮಾಡಲಿಲ್ಲ ಎಂದು ಹೇಳಲಾರೆ. ರಸ್ತೆ ಬದಿಯ ಅಂಗಡಿಯ ಹತ್ತಿರ ಮೊಬೈಲ್ ನೋಡುತ್ತಾ ನಿಲ್ಲುತ್ತಿದ್ದ ಐದಾರು ಹುಡುಗರಿದ್ದರು. ಅವರು ಎರಡೇ ದಿನದಲ್ಲಿ ದಾರಿಗೆ ಬಂದರು. ಅವರಿಗೆ ಬೇಕಾಗಿದ್ದು ಅದೇ, ಗೇಟಿನ ಚಿಲಕದ ಸದ್ದು. ನಮ್ಮ ಪಿಟಿ ಮಾಸ್ತರಿಗೆ ಖುಷಿಯೋ ಖುಷಿ.

ಈ ಹುಡುಗಿಯ ಲೆಕ್ಕ ಮಾತ್ರ ತಿರುಗಿ ಬಿತ್ತು. ಡಿಸೆಂಬರ್ 6, ಶನಿವಾರ, ಗೈರು. 8ನೇ ತಾರೀಖು ಹತ್ತೂ ಇಪ್ಪತ್ತಕ್ಕೆ ಬಂದಳು. ಗೇಟಿನ ಹೊರಗೆ ನಿಂತಳು, ಕಸ ಹೆಕ್ಕಿದಳು. ಆ ಹೊತ್ತಿಗೆ ಎಂಟನೇ ತರಗತಿಯ ಮಕ್ಕಳು ಆಟಕ್ಕೆ ಬಂದಿದ್ದರು, ನಕ್ಕರು. 9ನೇ ತಾರೀಖು ಬರಲೇ ಇಲ್ಲ. ಆಮೇಲೆ 22, 23, 24 ಮೂರೂ ದಿನ ಗೈರು.

ನವೆಂಬರ್‌ನಲ್ಲಿ ನಾಲ್ಕು ದಿನದಲ್ಲಿ ಮೂರು ತಡ, ಒಂದು ಗೈರು. ಡಿಸೆಂಬರ್‌ನಲ್ಲಿ ಆರು ದಿನದಲ್ಲಿ ಒಂದು ತಡ, ಐದು ಗೈರು. ಗೇಟು ಅವಳನ್ನು ಬೇಗ ಬರುವ ಹಾಗೆ ಮಾಡಲಿಲ್ಲ, ಬಾರದ ಹಾಗೆ ಮಾಡಿತು. ಅರ್ಧ ಗಂಟೆ ಕಳೆದುಕೊಳ್ಳುತ್ತಿದ್ದವಳು ಇಡೀ ದಿನ ಕಳೆದುಕೊಂಡಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಗೈರಾದರೆ ಮರುದಿನ "ಜ್ವರ" ಅಂದರೆ ಮುಗಿಯಿತು. ತಡವಾದರೆ ಎಲ್ಲರೆದುರು ಕಸ ಹೆಕ್ಕಬೇಕು. ಶಾಲೆಯೇ ಅವಳಿಗೆ ಸುಲಭದ ದಾರಿ ತೋರಿಸಿಕೊಟ್ಟಿತ್ತು.

ಎರಡೂ ತಿಂಗಳು ಸೇರಿ ಹತ್ತು ದಿನ. ಶನಿವಾರ ವೇಳಾಪಟ್ಟಿ ಬೇರೆ, ಆ ಎರಡನ್ನು ಬಿಟ್ಟರೂ ಎಂಟು. ಎಂಟೂ ಗಣಿತದ ಪಿರಿಯಡ್. ಪೂರ್ತಿ ಗೈರಾದ ದಿನಗಳನ್ನು ಬಿಟ್ಟರೆ ಕನ್ನಡ, ಸಮಾಜ ತಪ್ಪಲಿಲ್ಲ. ತಡವಾಗಿ ಬರುವ ಮಗು ಎಲ್ಲಾ ವಿಷಯದಲ್ಲೂ ಚೂರು ಚೂರು ಹಿಂದೆ ಬೀಳುವುದಿಲ್ಲ. ಮೊದಲ ಪಿರಿಯಡ್ ಯಾವುದೋ ಆ ಒಂದೇ ವಿಷಯದಲ್ಲಿ ಮುಳುಗುತ್ತದೆ. ಇಷ್ಟು ವರ್ಷ ಕಲಿಸಿದರೂ ಇದು ನನಗೆ ಹೊಳೆದಿರಲಿಲ್ಲ.

ಅಡುಗೆಮನೆಯಲ್ಲಿ ಸಿಕ್ಕ ಉತ್ತರ

ಡಿಸೆಂಬರ್ 24, ಬುಧವಾರ. ಮರುದಿನ ಕ್ರಿಸ್ಮಸ್ ರಜೆ. ಬಿಸಿಯೂಟದ ಹೊತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಟ್‌ಬುಕ್ ನೋಡುತ್ತಾ ಗೊಣಗುತ್ತಿದ್ದೆ. ನಮ್ಮ ಅಡುಗೆಯಾಕೆ ಹೊಳೆ ಬದಿಯವರು. ಸೌಟು ತಿರುವುತ್ತಲೇ "ಯಾರ್ದು ಅಕ್ಕೋರೆ?" ಎಂದರು. ಹೇಳಿದೆ. "ಇವತ್ತು ಚೌತಿ ಅಲ್ದಾ, ಹೆಂಗೆ ಬತ್ತದೆ ಅದು? ಅದ್ರ ಅಬ್ಬೆ ಹೊಳೆಗೆ ಹೋಗಿರ್ತದೆ" ಎಂದರು.

ನಾನು ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದುಕೊಂಡು ಬಂದೆ. ತಾರೀಖಿನ ಕೆಳಗೆ ಸಣ್ಣಕ್ಷರದಲ್ಲಿ ತಿಥಿ ಇರುತ್ತದಲ್ಲ, ನಾವು ಏಕಾದಶಿ, ಸಂಕಷ್ಟಿಗೆ ಮಾತ್ರ ನೋಡುವುದು. ನವೆಂಬರ್ 5 ಹುಣ್ಣಿಮೆ, 7 ಬಿದಿಗೆ. 20 ಅಮಾವಾಸ್ಯೆ, 22 ಬಿದಿಗೆ, 24 ಚೌತಿ, 25 ಪಂಚಮಿ. ಡಿಸೆಂಬರ್ 4 ಹುಣ್ಣಿಮೆ, 6ರಿಂದ 9ರವರೆಗೆ ಬಿದಿಗೆಯಿಂದ ಪಂಚಮಿ. 22ರಿಂದ ಮತ್ತೆ ಅದೇ. ನವೆಂಬರ್ ಮೊದಲ ಸುತ್ತಿನಲ್ಲಿ ಒಂದೇ ದಿನ ಯಾಕೆ ಎಂದರೆ, 8 ಕನಕ ಜಯಂತಿ ರಜೆ, 9 ಭಾನುವಾರ. ಎರಡು ರಜೆ ಸೇರಿ ಜಾಡನ್ನು ಅಳಿಸಿ ಹಾಕಿದ್ದವು. ನಾನು ಗಣಿತದವಳು. ಮಕ್ಕಳಿಗೆ ಶ್ರೇಢಿ ಹುಡುಕಲು ಕಲಿಸುತ್ತೇನೆ. ಎರಡು ತಿಂಗಳು ಕಣ್ಣೆದುರೇ ಇದ್ದ ಶ್ರೇಢಿ ಹುಡುಕಿದ್ದು ಸಾರು ಕುದಿಸುತ್ತಿದ್ದ ಹೆಂಗಸು.

ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ಅಘನಾಶಿನಿ ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಅದರ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ ಪೇಪರಿನಲ್ಲೆಲ್ಲ ಬಂದಿತ್ತು. ಸಮುದ್ರದ ಭರತ, ಇಳಿತ ಹೊಳೆಯೊಳಗೆ ತುಂಬಾ ದೂರ ಬರುತ್ತವೆ. ನೀರು ಇಳಿದಾಗ ಹೊಯಿಗೆ (ಮರಳು) ದಿಬ್ಬಗಳು ಮೇಲೇಳುತ್ತವೆ. ಅಲ್ಲಿ ಬಳಚು ಸಿಗುತ್ತದೆ. ಚಿಪ್ಪಿನೊಳಗಿನ ಈ ಮಾಂಸವೇ ಎರಡೂ ದಡದ ಸಾವಿರಾರು ಮನೆಗಳ ಅನ್ನ. ಇಲ್ಲಿಂದ ಗೋವಾ ಕಡೆಗೂ ಹೋಗುತ್ತದೆ.

ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುತ್ತದೆ. ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಸಪ್ಪೆ. ದಿಬ್ಬ ಪೂರಾ ಕಾಣುವುದೇ ಇಲ್ಲ. ಇನ್ನೊಂದು ವಿಷಯ, ಚಂದ್ರ ದಿನಾ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅದಕ್ಕೇ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ನಮ್ಮ ಕಡೆ ಹುಣ್ಣಿಮೆ, ಅಮಾವಾಸ್ಯೆಯ ದಿನ ಬೆಳಕಾಗುವ ಮೊದಲೇ ನೀರು ಇಳಿದಿರುತ್ತದೆ. ಕತ್ತಲಲ್ಲಿ ಹೋಗಿ ಬೆಳಿಗ್ಗೆ ವಾಪಸ್. ಬಿದಿಗೆ, ತದಿಗೆಗೆ ಬೆಳಿಗ್ಗೆ ಏಳೂವರೆಯ ಆಸುಪಾಸು. ಚೌತಿ, ಪಂಚಮಿಗೆ ಒಂಬತ್ತಕ್ಕೆ ಹತ್ತಿರ. ಸರಿಯಾಗಿ ಶಾಲೆಯ ಹೊತ್ತು.

ಶನಿವಾರದ ಗೈರಿಗೂ ಉತ್ತರ ಸಿಕ್ಕಿತು. ಶನಿವಾರ ನಮ್ಮದು ಬೆಳಿಗ್ಗೆ ಶಾಲೆ, ಎಂಟಕ್ಕೇ ಶುರು. ಹತ್ತೂವರೆಗೆ ಬಂದರೆ ಬಿಡುವುದಕ್ಕೆ ಒಂದು ಗಂಟೆ ಉಳಿದಿರುತ್ತದೆ. ಬಂದು ಮಾಡುವುದೇನು?

ನನ್ನ ತಪ್ಪು ಊಹೆ

ಹುಡುಗಿಯನ್ನು ಅಮ್ಮ ಬಳಚು ತೆಗೆಯಲು ಕರೆದುಕೊಂಡು ಹೋಗುತ್ತಾಳೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಹೆಡ್ ಮಾಸ್ತರಿಗೂ ಹಾಗೇ ಹೇಳಿದೆ. ಮನೆಗೆ ಹೋಗಿ ಏನು ಹೇಳಬೇಕು, ಯಾವ ಕಾನೂನು ಎತ್ತಬೇಕು ಎಂದು ಬಸ್ಸಿನಲ್ಲೇ ಭಾಷಣ ತಯಾರು ಮಾಡಿಕೊಂಡೆ. ಡಿಸೆಂಬರ್ 28, ಭಾನುವಾರ ಹೋದೆ. ಅಮ್ಮ ಮನೆಯಲ್ಲಿದ್ದರು. "ಇವತ್ತು ಅಷ್ಟಮಿ ಅಲ್ದಾ ಅಕ್ಕೋರೆ, ಹೋದ್ರೂ ಎಂತ ಸಿಕ್ಕೂದಿಲ್ಲ" ಎಂದು ಚಾಪೆ ಹಾಸಿದರು.

ಹುಡುಗಿ ಹೊಳೆಗೆ ಹೋಗುವುದೇ ಇಲ್ಲ. ಮನೆಯಲ್ಲಿ ಎರಡೂಕಾಲು ವರ್ಷದ ತಮ್ಮ ಇದ್ದಾನೆ. ಅಂಗಳ ದಾಟಿದರೆ ಹೊಳೆ. ಅವನನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಅಮ್ಮ ವಾಪಸ್ ಬಂದ ಮೇಲೇ ಇವಳು ಹೊರಡಬೇಕು. ಹುಡುಗಿಗೆ ತಡವಾದರೆ ಕಾರಣ ಅಮ್ಮ, ಅಮ್ಮನಿಗೆ ತಡವಾದರೆ ಕಾರಣ ನೀರು.

ಅಪ್ಪ ಮಲ್ಪೆ ಕಡೆಯ ಬೋಟಿನಲ್ಲಿ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆಗ ಮನೆಯಲ್ಲಿರುತ್ತಾರೆ. ಮಗುವನ್ನು ಅವರೇ ನೋಡಿಕೊಳ್ಳುತ್ತಾರೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೊಳೆ ತುಂಬಿ ಕೆಂಪು ನೀರು, ಬಳಚಿನ ಕೆಲಸವೇ ಇಲ್ಲ. ಅಮ್ಮ ಮನೆಯಲ್ಲಿ. ನನ್ನ ನೋಟ್‌ಬುಕ್ಕಿನ ನಾಲ್ಕು ಖಾಲಿ ತಿಂಗಳಿಗೆ ಲೆಕ್ಕ ಸರಿಹೋಯಿತು.

ನನಗೆ ನಾಚಿಕೆಯಾಗಿದ್ದು ಇನ್ನೊಂದಕ್ಕೆ. ಈ ಮನೆಗೆ ನಾನು ಮೂರು ತಿಂಗಳ ಹಿಂದೆ ಬಂದಿದ್ದೆ. ಸೆಪ್ಟೆಂಬರ್ 22ರಿಂದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ದಸರಾ ರಜೆಯನ್ನೂ ಅಕ್ಟೋಬರ್ 18ರವರೆಗೆ ಎಳೆದಿದ್ದರು. ಆಗ ಇದೇ ಜಗುಲಿಯಲ್ಲಿ ಕೂತು 60 ಪ್ರಶ್ನೆ ಕೇಳಿದ್ದೆ. ಜಾತಿ, ಉದ್ಯೋಗ, ಮನೆ, ಜಮೀನು, ಸಾಲ ಎಲ್ಲಾ ಬರೆದುಕೊಂಡಿದ್ದೆ. ಈ ಮಗು ಅಂದು ನನ್ನ ಪೆನ್ನು ಎಳೆಯುತ್ತಿತ್ತು. ಬೆಳಿಗ್ಗೆ ಇದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಆ 60ರಲ್ಲಿ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ.

ತಯಾರಾಗಿದ್ದ ಭಾಷಣದಲ್ಲಿ ಉಳಿದಿದ್ದು ಒಂದೇ ಸಾಲು. "ಮಕ್ಕಳಿಗೆ ಹೊತ್ತಿನ ಬೆಲೆ ಮನೆಯಲ್ಲೇ ಕಲಿಸಬೇಕು" ಅಂದೆ. ಹೇಳಬಾರದಿತ್ತು. ಅಮ್ಮ ಸಿಟ್ಟಾಗಲಿಲ್ಲ. "ನಾವು ಒಂದು ದಿನನೂ ತಡ ಮಾಡೂದಿಲ್ಲ ಅಕ್ಕೋರೆ. ತಡ ಮಾಡೂಕೆ ನೀರು ಕಾಯ್ತದಾ?" ಎಂದರು. ಆರು ಹೆಂಗಸರು ಒಂದೇ ದೋಣಿಯಲ್ಲಿ ಹೋಗುತ್ತಾರೆ. ಒಬ್ಬರಿಗೆ ಬೇಗ ಬರಬೇಕು ಎಂದರೆ ಆಗುವುದಿಲ್ಲ. ದಿಬ್ಬ ತೆರೆದಿರುವುದು ಎರಡು, ಎರಡೂವರೆ ಗಂಟೆ. ದಡಕ್ಕೆ ಬಂದರೆ ಕೊಳ್ಳುವವನ ಗಾಡಿ ಕಾಯುತ್ತಿರುತ್ತದೆ. ಗಾಡಿ ಹೋದ ಮೇಲೆ ಬಂದರೆ ಅವತ್ತಿನ ದುಡಿಮೆ ಮನೆ ಸಾರಿಗೆ ಮಾತ್ರ. ನನ್ನ ಬಸ್ಸು ತಡವಾದರೆ ಹೆಡ್ ಮಾಸ್ತರು "ಬನ್ನಿ ಮೇಡಂ, ಪರವಾಗಿಲ್ಲ" ಅನ್ನುತ್ತಾರೆ. ಸಂಬಳ ಪೂರ್ತಿ ಬರುತ್ತದೆ. ಹೊತ್ತಿನ ಬೆಲೆಯ ಪಾಠವನ್ನು ಯಾರು ಯಾರಿಗೆ ಹೇಳಬೇಕಾಗಿತ್ತೋ!

ಮೂರು ಸುತ್ತು

ಹೆಡ್ ಮಾಸ್ತರಿಗೆ ಎಲ್ಲಾ ಹೇಳಿದೆ. ಒಳ್ಳೆಯ ಮನುಷ್ಯ, ಆದರೆ ನಿಯಮ ಸಡಿಲಿಸಲು ಹೆದರುತ್ತಾರೆ. "ಒಬ್ಬಳಿಗೆ ಗೇಟು ತೆಗೆದರೆ ನಾಳೆ ಇಪ್ಪತ್ತು ಜನ ತಮ್ಮನ ಕತೆ ಹೇಳ್ತಾರೆ" ಎಂದರು. ಆ ಮಾತಿನಲ್ಲಿ ಸತ್ಯವೂ ಇದೆ. ಕೊನೆಗೆ ಹೀಗೆ ಆಯಿತು: ಗೇಟು ಇರಲಿ, ಆದರೆ ಕ್ಲಾಸ್ ಟೀಚರು ಮನೆಗೆ ಹೋಗಿ ನೋಡಿ ಬಂದು ಬರೆದುಕೊಟ್ಟ ಮಕ್ಕಳಿಗೆ ಚೀಟಿ. ಚೀಟಿ ಇದ್ದವರು ಸೀದಾ ತರಗತಿಗೆ. ಇಪ್ಪತ್ತು ಜನ ಬರಲಿಲ್ಲ. ಬೇರೆ ತರಗತಿಗಳೂ ಸೇರಿ ಮೂರು ಚೀಟಿ ಆದವು. ಟೀಚರೇ ಮನೆಗೆ ಬರುತ್ತಾರೆ ಎಂದರೆ ಸುಳ್ಳು ಕಾರಣ ಹೇಳುವವರು ತಾವಾಗಿಯೇ ಹಿಂದೆ ಸರಿಯುತ್ತಾರೆ.

ಮೊದಲ ಸುತ್ತು ಜನವರಿ 5ರಿಂದ 8. ಮಗುವನ್ನು ಅಂಗನವಾಡಿಗೆ ಬಿಡಿಸುವುದು ನನ್ನ ಯೋಜನೆ. ಅಲ್ಲಿ ಹೋದರೆ, ಕೂರಿಸಿ ಕಲಿಸುವುದು ಮೂರು ವರ್ಷ ತುಂಬಿದವರಿಗೆ, ಇವನಿಗೆ ಇನ್ನೂ ಒಂಬತ್ತು ತಿಂಗಳು ಬೇಕು. ಕಾರ್ಯಕರ್ತೆ ಪಾಪ ಹೇಗಾದರೂ ನೋಡಿಕೊಳ್ಳುತ್ತೇನೆ ಎಂದರು. ಆದರೆ ಅಮ್ಮ ದೋಣಿ ಹತ್ತುವುದು ಏಳಕ್ಕೆ, ಅಂಗನವಾಡಿ ತೆರೆಯುವುದು ಒಂಬತ್ತೂವರೆಯ ಮೇಲೆ. ಅದು ನಮ್ಮ ಶಾಲೆಯಿಂದ ವಿರುದ್ಧ ದಿಕ್ಕಿಗೆ ಬೇರೆ. ಯೋಜನೆ ಅಲ್ಲಿಗೇ ಮುಗಿಯಿತು. ನಾಲ್ಕೂ ದಿನ ಅವಳು ತಡವಾಗಿಯೇ ಬಂದಳು. ಒಂದು ವಿಷಯ ಮಾತ್ರ ಗಮನಿಸಿ: ನಾಲ್ಕೂ ದಿನ ಬಂದಳು. ಗೈರು ಸೊನ್ನೆ. ಗೇಟಿನ ಭಯ ತೆಗೆದದ್ದಕ್ಕೇ ಅಷ್ಟು ಸಿಕ್ಕಿತು.

ಇದೇ ವಾರ ಇನ್ನೊಂದು ಕೆಲಸ ಮಾಡಿದೆ. ಹಿಂದಿ ಟೀಚರ ಜೊತೆ ಪಿರಿಯಡ್ ಅದಲು ಬದಲು. ಆ ನಾಲ್ಕು ದಿನ ಮೊದಲ ಪಿರಿಯಡ್ ಹಿಂದಿ, ಐದನೆಯದು ಗಣಿತ. ಹಾಜರಿ ಪುಸ್ತಕ ಹಿಂದಿ ಟೀಚರ ಕೈಯಲ್ಲಿ. ಒಂದು ಪೈಸೆ ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ. "ನಿಮ್ಮ ಹುಡುಗಿ ಈಗ ನನ್ನ ವಿಷಯದಲ್ಲಿ ಮುಳುಗುತ್ತಾಳಾ?" ಎಂದು ಅವರು ತಮಾಷೆ ಮಾಡಿದರು. ತಮಾಷೆ ಆದರೂ ನಿಜವೇ. ಹಿಂದಿಯಲ್ಲಿ ಅವಳು ಚುರುಕು, ತಡೆದುಕೊಳ್ಳುತ್ತಾಳೆ ಎಂದು ಲೆಕ್ಕ ಹಾಕಿ ಮಾಡಿದ್ದು.

ಬೆಳಗಿನ ವಿಶೇಷ ತರಗತಿಯದು ಅಷ್ಟು ಸುಲಭವಾಗಿರಲಿಲ್ಲ. ಸಂಜೆಗೆ ಹಾಕೋಣ ಎಂದರೆ ಐದರ ಬಸ್ಸಿಗೆ ಹೋಗುವ ಮಕ್ಕಳಿದ್ದಾರೆ. ಬೆಳಿಗ್ಗೆಯೇ ಇರಲಿ ಎಂದರೆ ಹೊಳೆ ಬದಿಯವರಿಗೆ ಆಗುವುದಿಲ್ಲ. ವಾರಕ್ಕೆ ಎರಡು ದಿನ ಸಂಜೆಯೂ ಅದೇ ಪಾಠ ಮತ್ತೆ ಮಾಡಿದೆ. ಏಳು ಮಕ್ಕಳು ಕೂರುತ್ತಿದ್ದರು. ನನ್ನ ಮನೆಯಲ್ಲಿ ರಾತ್ರಿ ಊಟ ಎಂಟೂವರೆಗೆ ಹೋಯಿತು, ಮನೆಯವರ ಮುಖ ದಪ್ಪವಾಯಿತು. ಇದನ್ನು ಎಲ್ಲರೂ ಮಾಡಿ ಎಂದು ನಾನು ಹೇಳುವುದಿಲ್ಲ.

ಎರಡನೇ ಸುತ್ತು ಜನವರಿ 20ರಿಂದ 23. ಪಕ್ಕದ ಮನೆಯ ಅಜ್ಜಿ ಮಗುವನ್ನು ನೋಡಿಕೊಳ್ಳಲು ಒಪ್ಪಿದ್ದರು. 20, 21 ಎರಡು ದಿನ ಹುಡುಗಿ 9:40ಕ್ಕೇ ಬಂದಳು. ಹಿಂದಿನ ಬೆಂಚಿನವರಿಗೆ ನಗಲು ಏನೂ ಸಿಗಲಿಲ್ಲ. ಎರಡನೇ ದಿನ ಅಜ್ಜಿಗೆ ಸ್ವಲ್ಪ ಜೋಂಪು ಹತ್ತಿತಂತೆ. ಮಗು ದೋಣಿ ಕಟ್ಟುವ ಮೆಟ್ಟಿಲವರೆಗೆ ಹೋಗಿತ್ತು. ಬಲೆ ಹೆಣೆಯುತ್ತಿದ್ದ ಯಾರೋ ನೋಡಿ ಎತ್ತಿಕೊಂಡು ಬಂದರು. ಏನೂ ಆಗಲಿಲ್ಲ. ಆದರೆ 22ಕ್ಕೆ ಹುಡುಗಿ ಮತ್ತೆ ಹತ್ತೂವರೆಗೆ. ಚೀಟಿ ತೋರಿಸಲು ಬಂದಾಗ ಅವಳ ಮುಖ ನೋಡಿ ನಾನೂ ಏನೂ ಕೇಳಲಿಲ್ಲ. ಅಜ್ಜಿಯ ಮನೆ ಹುಡುಕಿದ್ದೂ ನಾನೇ. ಆ ರಾತ್ರಿ ನಿದ್ದೆ ಬರಲಿಲ್ಲ. ಹೊಳೆ ಬದಿಯಲ್ಲಿ ಹುಟ್ಟದ ನಾನು, ಹೊಳೆ ಬದಿಯ ಮಗುವನ್ನು ಯಾರ ಮಡಿಲಿಗೆ ಹಾಕಬೇಕು ಎಂದು ಹೇಳಲು ಹೊರಟಿದ್ದೆ.

ಮೂರನೆಯದರಲ್ಲಿ ನನ್ನ ಪಾಲು ಏನೂ ಇಲ್ಲ. ಜನವರಿ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಲಕರ ಸಭೆ ಕರೆದಿದ್ದೆವು. ಹುಡುಗಿಯ ಅಮ್ಮ ಬಂದರು. ಅದೇ ದೋಣಿಯ ಇನ್ನಿಬ್ಬರು ಹೆಂಗಸರೂ ಬಂದಿದ್ದರು, ಅವರ ಮಕ್ಕಳು ನಮ್ಮಲ್ಲೇ ಎಂಟರಲ್ಲಿ ಓದುತ್ತಾರೆ. ಸಭೆ ಮುಗಿದ ಮೇಲೆ ಜಗುಲಿಯಲ್ಲಿ ಅವರೇ ಮಾತಾಡಿಕೊಂಡರು. ದೋಣಿಯ ಆರು ಮನೆಗಳಲ್ಲಿ ಸಣ್ಣ ಮಕ್ಕಳು ಮೂರು. ಪ್ರತಿ ಸುತ್ತಿಗೆ ಒಬ್ಬರು ದಡದಲ್ಲೇ ಉಳಿದು ಮೂರೂ ಮಕ್ಕಳನ್ನು ನೋಡಿಕೊಳ್ಳುವುದು. ಉಳಿದ ಐವರು ತಮ್ಮ ತಮ್ಮ ಪಾಲಿನಿಂದ ಸ್ವಲ್ಪ ಸ್ವಲ್ಪ ತೆಗೆದು ಅವರಿಗೆ ಕೊಡುವುದು. "ಸುಮ್ನೆ ಕೂತವ್ಳಿಗೆ ಪಾಲು ಯಾಕೆ" ಎಂದು ಒಬ್ಬರು ಗುರುಗುಟ್ಟಿದರು. "ಮೂರು ಹುಡ್ರನ್ನ ಹಿಡಿದು ಕೂರೂದು ನಿಂಗೆ ಸುಮ್ನೆ ಕೂತ ಹಾಂಗಾ?" ಎಂದು ಇನ್ನೊಬ್ಬರು. ಅಲ್ಲಿಗೆ ಚರ್ಚೆ ಮುಗಿಯಿತು.

ಫೆಬ್ರವರಿ 3ರಿಂದ 6. ಬಿದಿಗೆ, ತದಿಗೆ, ಚೌತಿ, ಪಂಚಮಿ. ನಾಲ್ಕೂ ದಿನ ಹುಡುಗಿ ಪ್ರಾರ್ಥನೆಯ ಸಾಲಿನಲ್ಲಿದ್ದಳು. ಅದೇ ದೋಣಿಯ ಇನ್ನೊಂದು ಮನೆಯ, ಎಂಟನೇ ತರಗತಿಯ ಹುಡುಗನೂ ಇದ್ದ. ಅವನೂ ತಿಂಗಳಿಗೆ ಎರಡು ಸುತ್ತು ತಡವಾಗುತ್ತಿದ್ದ ಎಂದು ಅವನ ಕ್ಲಾಸ್ ಟೀಚರ್ ಆಮೇಲೆ ಹೇಳಿದರು. ಅವನ ಹೆಸರಿನ ಮುಂದೆ ಅವರು 'ಸೋಮಾರಿ' ಎಂದು ಬರೆದುಕೊಂಡಿದ್ದರಂತೆ. ಎಂಟರವನಿಗೆ ಚೀಟಿ ಕೇಳಲೂ ಗೊತ್ತಿರಲಿಲ್ಲ.

ತ್ರಿಕೋನಮಿತಿಯನ್ನು ಅವಳಿಗೆ ಮತ್ತೆ ಮೊದಲಿನಿಂದ ಹೇಳಿಕೊಟ್ಟೆ. ಏಣಿ, ಗೋಡೆ ಬಿಟ್ಟು ದೋಣಿ, ದಡ ಇಟ್ಟುಕೊಂಡು. ಅರ್ಧ ಬಂದಿದೆ. ಇನ್ನರ್ಧಕ್ಕೆ ಹೊತ್ತು ಸಾಕಾಗಲಿಲ್ಲ ಎಂದು ನನಗೇ ಅನ್ನಿಸುತ್ತದೆ. ನವೆಂಬರ್‌ನಲ್ಲೇ ಕ್ಯಾಲೆಂಡರ್ ನೋಡಿದ್ದರೆ ಎಂಟು ಪಿರಿಯಡ್ ಉಳಿಯುತ್ತಿತ್ತು. ಈಗ ನನ್ನ ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕ ತಿಥಿಯನ್ನೂ ಬರೆಯುತ್ತೇನೆ. ಸ್ಟಾಫ್ ರೂಮಿನಲ್ಲಿ ನನ್ನನ್ನು 'ಪಂಚಾಂಗದ ಮೇಡಂ' ಅನ್ನುತ್ತಾರೆ.

ಫೆಬ್ರವರಿ 9, ಸೋಮವಾರ. ಹತ್ತೂ ಕಾಲಿಗೆ ಬಾಗಿಲಲ್ಲಿ ನೆರಳು. ಅವಳೇ. ನನ್ನ ಎದೆ ಧಸಕ್ಕೆಂದಿತು. ಸರದಿ ಮುರಿಯಿತಾ, ಮಗುವಿಗೆ ಏನಾದರೂ ಆಯಿತಾ? ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಅಷ್ಟಮಿ. ನೀರೇ ಇಳಿಯದ ದಿನ. ಹೊರಗೆ ಕರೆದು ಮೆಲ್ಲಗೆ ಕೇಳಿದೆ, "ಎಂತಾಯ್ತೇ?"

"ಎಂತ ಇಲ್ಲ ಅಕ್ಕೋರೆ" ಎಂದಳು. "ನಿದ್ದೆ ಬಂದೋಯ್ತು."